ಯಂತ್ರ ಬಂತು, ದಾದಿಯ ಕೈ ಎಲ್ಲಿ?

ಕಳೆದ ತಿಂಗಳು ನಮ್ಮ ಜಿಲ್ಲೆಯ ಒಂದು ದವಾಖಾನೆಯಲ್ಲಿ ಹೆರಿಗೆ ವಾರ್ಡಿನ ಹೊರಗೆ ಇಡೀ ರಾತ್ರಿ ಕೂಡುವ ಪ್ರಸಂಗ ಬಂತು. ಗಂಜಿನಲ್ಲಿ ಹಮಾಲಿ ಮಾಡುವ ಗೆಳೆಯನೊಬ್ಬನ ಸೊಸೆಗೆ ಬೇನೆ ಬಂದಿತ್ತು. ದವಾಖಾನೆಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ತಪ್ಪು ಆ ಒಂದು ಕಟ್ಟಡದ್ದೆಂದು ಓದುಗರು ತಿಳಿದಾರು, ತಪ್ಪು ಕಟ್ಟಡದ್ದಲ್ಲ.

ವಾರ್ಡಿನಲ್ಲಿ ಯಂತ್ರಗಳಿಗೆ ಬರವಿರಲಿಲ್ಲ. ಗೋಡೆಗೆ ಹಚ್ಚಿದ ಮಾನಿಟರು ಇತ್ತು, ಕೂಸನ್ನು ಬೆಚ್ಚಗಿಡುವ ವಾರ್ಮರು ಇತ್ತು, ಸಲೈನನ್ನು ಅಳತೆ ಹಿಡಿದು ಬಿಡುವ ಪಂಪು ಇತ್ತು. ಇಲ್ಲದಿದ್ದವರು ಮನುಷ್ಯರು. ಅಷ್ಟೂ ಬಾಣಂತಿಯರಿಗೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರು. ಆ ತಾಯಿ ಒಂದು ಕೈಯಲ್ಲಿ ರಜಿಸ್ಟರು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಏನನ್ನೋ ತುಂಬುತ್ತಿದ್ದರು. ಒಳಗಿನಿಂದ ಗೆಳೆಯನ ಹೆಂಡತಿ ಕೂಗಿದಳು: "ಅಕ್ಕೋರೆ, ಒಂದೀಟು ಬಂದು ನೋಡ್ರಿ ಯವ್ವಾ, ಹುಡುಗಿ ಮೈ ತಣ್ಣಗಾಗ್ಯದ." ಸಿಸ್ಟರು ಎದ್ದು ಓಡಿದರು. ಓಡುವಾಗ ಅವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಬಂದೆ ರಿ ಅವ್ವಾ. ಇದು ತುಂಬಲಿಲ್ಲಂದ್ರ ನಾಳಿ ನನಗ ನೋಟೀಸ್ ಬರ್ತದ."

ತಾಯಿ, ಕೂಸು ಇಬ್ಬರೂ ಉಳಿದರು. ಆದರೆ ಆ ಮಾತನ್ನು ಹಾಗೇ ಬಿಡುವಂತಿಲ್ಲ. ರೋಗಿಯ ಮೈ ತಣ್ಣಗಾದರೆ ನೋಟೀಸು ಬರುವುದಿಲ್ಲ. ಖಾನೆ ಖಾಲಿ ಉಳಿದರೆ ನೋಟೀಸು ಬರುತ್ತದೆ. ದವಾಖಾನೆಗೆ ಬಂದ ಹೊಸ ಯಂತ್ರಯುಗದ ಇಡೀ ಕಥೆ ಈ ಒಂದು ವಾಕ್ಯದಲ್ಲಿದೆ.

ಯಂತ್ರ ಬೇಡವೆಂದಲ್ಲ

ಸಮಾಜವಾದಿಗಳು ಯಂತ್ರದ ವೈರಿಗಳೆಂದು ಹೇಳಿಕೊಂಡು ತಿರುಗುವವರು ಉಂಟು. ಅದು ಸುಳ್ಳು. ದೈತ್ಯ ಯಂತ್ರ ಒಂದೇ ಪ್ರಗತಿಯಲ್ಲ, ಬಡ ದೇಶಕ್ಕೆ ಬೇಕಾದದ್ದು ದುಡಿಯುವವನ ಕೈಗೆ ಎಟುಕುವ, ಅವನ ಊರಲ್ಲೇ ರಿಪೇರಿಯಾಗುವ ಸಣ್ಣ ಯಂತ್ರ ಎಂದು ಡಾ. ರಾಮಮನೋಹರ ಲೋಹಿಯಾ ವಾದಿಸಿದರು. ಅದೇ ಲೋಹಿಯಾ 1967ರ ಅಕ್ಟೋಬರ್ 12ರಂದು ದೆಹಲಿಯ ವಿಲ್ಲಿಂಗ್ಡನ್ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಮೈಗೆ ಹತ್ತಿದ ನಂಜಿನಿಂದ ತೀರಿಕೊಂಡರು. ಆ ಆಸ್ಪತ್ರೆಗೆ ಈಗ ಅವರದೇ ಹೆಸರು. ಶಸ್ತ್ರಚಿಕಿತ್ಸಕನ ಕತ್ತರಿ ಎಷ್ಟು ಹರಿತವಾಗಿದ್ದರೂ ಅದರ ನಂತರದ ಹಗಲು ರಾತ್ರಿಗಳ ಶುಶ್ರೂಷೆಯೇ ರೋಗಿಯನ್ನು ಉಳಿಸಬೇಕು. ಈ ಪಾಠವನ್ನು ನಮ್ಮ ಚಳವಳಿ ಬಲು ದೊಡ್ಡ ಬೆಲೆ ತೆತ್ತು ಕಲಿತಿದೆ.

ಒಳ್ಳೆಯ ಯಂತ್ರ ಏನು ಮಾಡಬಲ್ಲದೆಂಬುದನ್ನು ಮೊದಲು ಒಪ್ಪಿಕೊಳ್ಳೋಣ.

ಒಂದು ಕಾಲದಲ್ಲಿ ಸಲೈನ್ ಹಚ್ಚಿದ ದಾದಿ ಗಡಿಯಾರ ಹಿಡಿದು ಹನಿ ಎಣಿಸಬೇಕಿತ್ತು. ಸಾಮಾನ್ಯ ನಳಿಕೆಯಲ್ಲಿ ಒಂದು ಮಿಲಿಲೀಟರಿಗೆ 20 ಹನಿ. ಅರ್ಧ ಲೀಟರ್ ಬಾಟಲಿ ನಾಲ್ಕು ತಾಸಿನಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ 42 ಹನಿ. ಹನಿ ಜಾಸ್ತಿಯಾದರೆ ಮುದುಕನ ಎದೆಯಲ್ಲಿ ನೀರು ತುಂಬುತ್ತದೆ, ಕಡಿಮೆಯಾದರೆ ಮದ್ದು ಸಾಲದು. ಈಗ ಪಂಪು ಈ ಲೆಕ್ಕ ತಾನೇ ಮಾಡುತ್ತದೆ. ಹಿಂದೆ ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಹತ್ತು ಮಂದಿಗೆ ಬಳಸುತ್ತಿದ್ದರು. ಈಗ ಲಸಿಕೆಗೆ ಬಳಸುವ ಸಿರಿಂಜು ಒಮ್ಮೆ ಚುಚ್ಚಿದ ಮೇಲೆ ತಾನೇ ಕಟ್ಟಿಕೊಳ್ಳುತ್ತದೆ, ಎರಡನೆಯವರಿಗೆ ಬಳಸಲಾಗದು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ನಮ್ಮ ಬ್ಯಾಸಗಿಯ ಬಿಸಿಲಿನಲ್ಲಿ, ಕರೆಂಟು ಹೋಗಿ ಬರುವ ಊರಿನಲ್ಲಿ, ಪೆಟ್ಟಿಗೆಯೊಳಗಿನ ತಂಪನ್ನು ತಾನೇ ಅಳೆದು ಮೊಬೈಲಿಗೆ ಸುದ್ದಿ ಕಳಿಸುವ ಉಪಕರಣ ಬಂದಿರುವುದು ಕೂಸುಗಳ ಪಾಲಿನ ಪುಣ್ಯವೇ ಸರಿ.

ಎದೆನೋವಿನ ವಿಷಯ ನೋಡಿ. ಸುರಪುರದಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಮೇಲೆ ಹಾದಿ. ಹೃದಯದ ರಕ್ತನಾಳ ಕಟ್ಟಿಕೊಂಡವನಿಗೆ ಆ ಹಾದಿಯೇ ಸಾವು. ಸರಕಾರ 2023ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆಯ ಎಣಿಕೆ ಹೀಗಿದೆ: ತಾಲೂಕು ಮಟ್ಟದಲ್ಲೇ ಇ.ಸಿ.ಜಿ. ತೆಗೆದು, ಅದನ್ನು ತಂತಿಯಿಲ್ಲದೆ ದೊಡ್ಡ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಸಲಹೆ ಬಂದೊಡನೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವುದು. ಹತ್ತಾರು ಸಾವಿರ ರೂಪಾಯಿ ಬೆಲೆಯ ಮದ್ದು ಅದು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯೂ ತೆರೆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 (ಜೆ) ವಿಧಿಯ ನೆನಪಿಗೆ ಅಷ್ಟೇ ಹಾಸಿಗೆ. ಇವೆಲ್ಲ ಒಳ್ಳೆಯವೇ, ಬೇಕಾದವೇ.

ಆದರೆ ಓದುಗರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಬಂದ ಅಡತಿ ಅಂಗಡಿಯ ಗುಮಾಸ್ತನ ಎದೆಗೆ ಇ.ಸಿ.ಜಿ. ಬಿಲ್ಲೆಗಳನ್ನು ಹಚ್ಚುವವರು ಯಾರು? ರಕ್ತನಾಳ ಹುಡುಕಿ ಸೂಜಿ ಇಡುವವರು ಯಾರು? ಮದ್ದು ಕೊಟ್ಟ ಮೇಲೆ ಎಲ್ಲಿಯಾದರೂ ರಕ್ತ ಸೋರುತ್ತಿದೆಯೇ ಎಂದು ಗಳಿಗೆ ಗಳಿಗೆಗೂ ನೋಡುವವರು ಯಾರು? ಕಂಪ್ಯೂಟರು ಸಲಹೆ ಕೊಡಬಲ್ಲದು. ಮೈ ಮುಟ್ಟುವವರು ದಾದಿಯರೇ.

ಜಿನ್ನಿನ ಲೆಕ್ಕ, ವಾರ್ಡಿನ ಲೆಕ್ಕ

ಶಹಾಪುರದ, ಯಾದಗಿರಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ದುಡಿದವರಿಗೆ ಯಂತ್ರದ ಗುಣ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಹೊಸ ಯಂತ್ರ ಬಂದರೆ ಆಳು ಕಡಿಮೆಯಾಗುತ್ತಾರೆ, ಹತ್ತಿ ಜಾಸ್ತಿ ಹೊರಬೀಳುತ್ತದೆ, ಉಳಿದ ದುಡ್ಡು ಮಾಲೀಕನ ತಿಜೋರಿಗೆ ಹೋಗುತ್ತದೆ. ಇದು ಅನ್ಯಾಯವಾದರೂ ಅರ್ಥವಾಗುವ ಅನ್ಯಾಯ.

ವಾರ್ಡಿನ ಲೆಕ್ಕ ಬೇರೆ. ಅಲ್ಲಿ ಯಂತ್ರ ಬಂದಾಗ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಪ್ರತಿ ಯಂತ್ರವನ್ನೂ ಒರೆಸಬೇಕು, ಹೊಂದಿಸಬೇಕು, ಅದು ಕೂಗಿದಾಗ ಓಡಬೇಕು, ಅದು ತೋರಿಸಿದ ಅಂಕಿಯನ್ನು ಬರೆಯಬೇಕು, ಬರೆದದ್ದನ್ನು ಮತ್ತೆ ಪೋರ್ಟಲಿಗೆ ಏರಿಸಬೇಕು. ಕೆಲಸ ಹೆಚ್ಚಿದ ಮೇಲೆ ಆಳೂ ಹೆಚ್ಚಬೇಕಲ್ಲವೇ? ಹೆಚ್ಚಲಿಲ್ಲ. ಸರಕಾರ ಸ್ಟಾಫ್ ನರ್ಸುಗಳನ್ನು 'ಶುಶ್ರೂಷಾಧಿಕಾರಿ' ಎಂದು ಕರೆಯಿತು. ಹಳ್ಳಿ ತಿರುಗುವ ಎ.ಎನ್.ಎಂ.ಗಳನ್ನು 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ' ಎಂದು ಕರೆಯಿತು. ಹೆಸರು ಉದ್ದವಾಯಿತು, ಸಾಲು ಗಿಡ್ಡವೇ ಉಳಿಯಿತು.

ಪ್ರಮಾಣ ಏನಿರಬೇಕು? ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬ ದಾದಿ, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬ ದಾದಿ ಎಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ ಹೇಳುತ್ತದೆ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರಕಾರದ್ದೇ ನಿಯಮ. ನಮ್ಮ ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ; ಅಂದರೆ ಅದರ ಆಸ್ಪತ್ರೆ ಬೋಧನಾ ಆಸ್ಪತ್ರೆ. ಓದುಗರು ತಮ್ಮ ಬಂಧುಗಳನ್ನು ನೋಡಲು ಹೋದಾಗ ಯಾವುದೇ ದವಾಖಾನೆಯ ಯಾವುದೇ ವಾರ್ಡಿನಲ್ಲಿ ನಿಂತು ಎಣಿಸಲಿ: ಹಾಸಿಗೆ ಎಷ್ಟು, ದಾದಿಯರು ಎಷ್ಟು? ಬೆರಳು ಮಡಚಿ ಎಣಿಸಲು ಯಾವ ಕಂಪ್ಯೂಟರೂ ಬೇಡ.

ಈ ಎಣಿಕೆ ಬರೀ ಸಂಬಳದ ವಾದವಲ್ಲ, ಜೀವದ ವಾದ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳನ್ನು ಪರೀಕ್ಷಿಸಿ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಹೆಚ್ಚುತ್ತದೆ. ಅಲ್ಲಿಯ ವಾರ್ಡುಗಳಲ್ಲಿ ಯಂತ್ರಗಳಿಗೆ ಕೊರತೆಯಿರಲಿಲ್ಲ. ಯಂತ್ರ ತುಂಬಿದ ವಾರ್ಡಿನಲ್ಲೂ ದಾದಿಯರು ಕಡಿಮೆಯಾದರೆ ಹೆಣ ಹೆಚ್ಚುತ್ತವೆ ಎಂದೇ ಇದರ ಅರ್ಥ. ಕ್ಯಾಲಿಫೋರ್ನಿಯದ ದಾದಿಯರು ಹೋರಾಡಿ 1999ರಲ್ಲಿ ಕಾನೂನು ಮಾಡಿಸಿಕೊಂಡರು. ದಾದಿಗೆ ಇಂತಿಷ್ಟೇ ರೋಗಿ ಎಂಬ ಮಿತಿ 2004ರಿಂದ ಅಲ್ಲಿ ಜಾರಿಗೆ ಬಂತು. ಅದೇ ದಾದಿಯರು 2024ರ ಏಪ್ರಿಲಿನಲ್ಲಿ ಸಾನ್ ಫ್ರಾನ್ಸಿಸ್ಕೋದ ಬೀದಿಗಿಳಿದರು. ಕೃತಕ ಬುದ್ಧಿಯ ಯಂತ್ರವನ್ನು ತಮ್ಮ ತಲೆಯ ಮೇಲೆ ಮುಕಾದಮನಂತೆ ಕೂಡಿಸಬೇಡಿ ಎಂಬುದು ಅವರ ಕೂಗು. ಜಗತ್ತಿನ ಅತಿ ಶ್ರೀಮಂತ ನಾಡಿನ ದಾದಿ ಮತ್ತು ನಮ್ಮ ಸುರಪುರದ ದಾದಿ, ಇಬ್ಬರ ದೂರೂ ಒಂದೇ.

ಅಂಕಿ ಹೇಳುವ ಯಂತ್ರ, ಅರ್ಥ ಹೇಳುವ ಕಣ್ಣು

ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಕಿರಾಣಿ ಅಂಗಡಿಯವನಿಗೂ ಪರಿಚಿತವಾಯಿತು. ಇದರ ತತ್ವವನ್ನು ಕಂಡುಹಿಡಿದವರು ಜಪಾನಿನ ಎಂಜಿನಿಯರ್ ಟಕುವೊ ಅಒಯಾಗಿ. ಅದು 1970ರ ದಶಕದ ಮಾತು. ಬೆಳಕು ಬೆರಳಿನೊಳಗೆ ಹಾದುಹೋಗಿ ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಹೇಳುತ್ತದೆ. ಅದ್ಭುತವಾದ ಸಣ್ಣ ಯಂತ್ರ. ಆದರೆ 2020ರಲ್ಲಿ ಅಮೆರಿಕದ ವೈದ್ಯರು ಒಂದು ಸಂಗತಿಯನ್ನು ಬಯಲಿಗೆ ತಂದರು. ಆಮ್ಲಜನಕ ನಿಜವಾಗಿ ಕುಸಿದಿದ್ದರೂ ಯಂತ್ರ 'ಚೆನ್ನಾಗಿದೆ' ಎಂದು ತೋರಿಸುವ ತಪ್ಪು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಬಿಸಿಲಲ್ಲಿ ಬೆಂದ ನಮ್ಮ ಕೂಲಿಕಾರನ ಕಪ್ಪು ಬೆರಳು ಹೇಳುವ ಅಂಕಿಯನ್ನು ಎಷ್ಟು ನಂಬಬೇಕು? ಇಲ್ಲಿಯೇ ದಾದಿಯ ಕಣ್ಣು ಬೇಕು. ತುಟಿ ನೀಲಿಯಾಯಿತೇ? ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗುತ್ತಿದೆಯೇ? ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ, ವರ್ಷದೊಳಗಿನದು 50 ಸಲ, ಐದು ವರ್ಷದೊಳಗಿನದು 40 ಸಲ ಅಥವಾ ಅದಕ್ಕೂ ಹೆಚ್ಚು ಉಸಿರಾಡಿದರೆ ನ್ಯುಮೋನಿಯದ ಗುಮಾನಿ ಪಡಬೇಕು. ಇದಕ್ಕೆ ಒಂದು ಗಡಿಯಾರ, ಒಂದು ಜೊತೆ ಕಣ್ಣು, ಪೂರಾ ಒಂದು ನಿಮಿಷದ ಬಿಡುವು ಸಾಕು. ಆ ಒಂದು ನಿಮಿಷವನ್ನೇ ನಾವು ದಾದಿಯಿಂದ ಕಸಿದುಕೊಂಡಿದ್ದೇವೆ.

ಯಂತ್ರದ ಕೂಗಿನದೂ ಇದೇ ಪಾಡು. ಹತ್ತು ಮಾನಿಟರುಗಳು ಹಗಲೂ ರಾತ್ರಿ ಕೂಗತೊಡಗಿದರೆ ಕಿವಿ ಮಂದವಾಗುತ್ತದೆ. ತೋಳ ಬಂತು ತೋಳ ಎಂಬ ಕುರಿಗಾಹಿ ಹುಡುಗನ ಕಥೆಯಂತೆ. ಅಮೆರಿಕದಲ್ಲಿ 2009ರಿಂದ 2012ರ ನಡುವೆ ಹೀಗೆ ಯಂತ್ರದ ಕೂಗಿಗೆ ಸಂಬಂಧಿಸಿದ 80 ಸಾವುಗಳು ಅಲ್ಲಿಯ ಆಸ್ಪತ್ರೆ ತಪಾಸಣಾ ಸಂಸ್ಥೆಗೆ ವರದಿಯಾದವು. ಕೂಗುವುದು ಯಂತ್ರದ ಧರ್ಮ. ಓಡಿ ಬರುವವರು ಇರಬೇಕಷ್ಟೆ.

ಅಂಕಿ ಕಂಡರೂ ಮದ್ದಿಲ್ಲದಿದ್ದರೆ? 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ತೀರಿತು. ಸರಕಾರದ ಮೊದಲ ಲೆಕ್ಕದಂತೆಯೇ ಒಂದು ದಿನದೊಳಗೆ 24 ಮಂದಿ ಸತ್ತರು. ಬೆರಳಿನ ಯಂತ್ರ ಅಂಕಿ ಇಳಿಯುವುದನ್ನು ತೋರಿಸುತ್ತಲೇ ಇದ್ದಿರಬೇಕು. ದಾದಿಯರು ಆ ಅಂಕಿಯನ್ನು ನೋಡುತ್ತ ನಿಂತಿರಬೇಕು. 2024ರ ನವೆಂಬರಿನಲ್ಲಿ ನಮ್ಮ ಭಾಗದ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗುಮಾನಿ ಬಂದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ಬಾಟಲಿಯ ಮೇಲೆ. ಬಾಟಲಿ ತೂಗುಹಾಕಿದ ದಾದಿಗೆ ಅದರೊಳಗಿನದು ತಿಳಿಯುವ ಬಗೆ ಯಾವುದು? ಪರೀಕ್ಷಿಸುವ ಯಂತ್ರ ಬೇಕಾದದ್ದು ಅಲ್ಲಿ, ಕಂಪನಿಯ ಬಾಗಿಲಲ್ಲಿ, ಔಷಧ ಉಗ್ರಾಣದಲ್ಲಿ. ಆದರೆ ಬಂಡವಾಳಶಾಹಿಯ ಯಂತ್ರ ಯಾವಾಗಲೂ ಕೆಳಗಿನವರನ್ನು ಕಾಯುತ್ತದೆ, ಮೇಲಿನವರನ್ನಲ್ಲ.

ಪೋರ್ಟಲೆಂಬ ಹೊಸ ಸಾಹುಕಾರ

2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ನಮ್ಮ ಸಣ್ಣ ವ್ಯಾಪಾರಿಗಳಿಗೆ ಪೋರ್ಟಲೆಂದರೇನು ಎಂಬುದು ಚೆನ್ನಾಗಿ ಗೊತ್ತು. ವ್ಯಾಪಾರ ಮಾಡುವ ಹೊತ್ತು ಬೇರೆ, ಮಾಡಿದ ವ್ಯಾಪಾರವನ್ನು ತುಂಬುವ ಹೊತ್ತು ಬೇರೆ. ಸರ್ವರು ಕೈಕೊಟ್ಟರೆ ದಂಡ ಕಟ್ಟುವವನು ಅಂಗಡಿಕಾರ. ವ್ಯಾಪಾರಿ ದುಡ್ಡು ಕೊಟ್ಟು ಅಕೌಂಟೆಂಟನನ್ನು ಹಿಡಿಯುತ್ತಾನೆ. ದಾದಿ ಯಾರನ್ನು ಹಿಡಿಯಬೇಕು?

ಗರ್ಭಿಣಿಯ ಹೆಸರು ತಾಯಿ ಕಾರ್ಡಿನಲ್ಲಿ, ರಜಿಸ್ಟರಿನಲ್ಲಿ, ಆರ್.ಸಿ.ಎಚ್. ಪೋರ್ಟಲಿನಲ್ಲಿ, ಬಿ.ಪಿ., ಸಕ್ಕರೆ ರೋಗದವರ ಲೆಕ್ಕ ಮತ್ತೊಂದರಲ್ಲಿ, ಲಸಿಕೆಯದು ಇನ್ನೊಂದರಲ್ಲಿ, ದೂರದ ವೈದ್ಯರನ್ನು ಪರದೆಯ ಮೇಲೆ ತೋರಿಸುವ ಇ-ಸಂಜೀವಿನಿಯದು ಮಗದೊಂದರಲ್ಲಿ. ಒಬ್ಬಳೇ ಹೆಣ್ಣುಮಗಳ ಹೆಸರು, ವಯಸ್ಸು, ಊರುಗಳನ್ನು ಒಬ್ಬಳೇ ದಾದಿ ಎಷ್ಟು ಸಲ ಬರೆಯಬೇಕು? ಪರದೆಯ ಮೇಲಿನ ಖಾನೆಗಳು ಬಹುಪಾಲು ಇಂಗ್ಲಿಷಿನಲ್ಲಿ. 'ಅಂಗ್ರೇಜಿ ಹಠಾವೋ' ಎಂದು ಲೋಹಿಯಾ ಕೂಗಿದ್ದು ಸೂಟುಬೂಟಿನವರ ಮೇಲಿನ ಸಿಟ್ಟಿನಿಂದಲ್ಲ. ಆಡಳಿತದ ಭಾಷೆ ಜನರ ಭಾಷೆಯಲ್ಲದಿದ್ದರೆ ತಪ್ಪು ಬರೆದವಳೂ ತಪ್ಪು ತಿಳಿಯಳು, ಬರೆಸಿಕೊಂಡವಳೂ ತಿಳಿಯಳು ಎಂಬ ಕಾರಣದಿಂದ. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲೇ ಸಾಕ್ಷರತೆ ಅತಿ ಕಡಿಮೆಯಿದ್ದ ಜಿಲ್ಲೆ ನಮ್ಮದು. ನೂರಕ್ಕೆ 52 ಮಂದಿಗೂ ಅಕ್ಷರ ಬಂದಿರಲಿಲ್ಲ. ಇಂಥ ಜಿಲ್ಲೆಯಲ್ಲಿ ತನ್ನ ಬಗ್ಗೆ ಪರದೆಯಲ್ಲಿ ಏನಿದೆ ಎಂದು ಓದಿ ತಿಳಿಯುವ ತಾಯಂದಿರು ಎಷ್ಟು ಮಂದಿ?

ಪೋರ್ಟಲು ಸಾಹುಕಾರನಂತೆ ಕೂಲಿಯನ್ನೂ ಹಿಡಿದಿಡಬಲ್ಲದು. ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿ. ತಾಂಡಾ ತಾಂಡಾ, ದೊಡ್ಡಿ ದೊಡ್ಡಿ ತಿರುಗಿ ಗರ್ಭಿಣಿಯನ್ನು ದವಾಖಾನೆಗೆ ತಂದರೂ, ಆ ಕೆಲಸ ಪೋರ್ಟಲಿನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನವಿಲ್ಲ. ಕೆಲಸ ಮಾಡಿದವಳು ಒಬ್ಬಳು, ತುಂಬುವವರು ಇನ್ನೊಬ್ಬರು, ಹೊಟ್ಟೆಗೆ ಹೊಡೆತ ಮೊದಲಿನವಳಿಗೆ. 2020ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿಗೆ ಬಂದಾಗ ಈ ಪೋರ್ಟಲಿನ ಕೊಂಡಿ ಕಳಚಿ ಎಂಬುದು ಅವರ ಬೇಡಿಕೆಗಳಲ್ಲೊಂದಾಗಿತ್ತು. 2025ರ ಜನವರಿಯಲ್ಲಿ ಅವರು ಮತ್ತೆ ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲು ರಾತ್ರಿ ಕುಳಿತ ಮೇಲೆಯೇ ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆ ದೊರೆತದ್ದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ಲೆಕ್ಕ ಬೇಡವೇ? ಲೆಕ್ಕವಿಲ್ಲದಿದ್ದರೆ ಬಡವರ ಸಾವು ಯಾರಿಗೂ ತಿಳಿಯುವುದಿಲ್ಲ" ಎಂದು ಅಧಿಕಾರಿಗಳು ಹೇಳುತ್ತಾರೆ. ಮಾತು ನಿಜ. ಆಧುನಿಕ ಶುಶ್ರೂಷೆಯ ಮೊದಲಿಗಳಾದ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ ಸೈನಿಕರ ಸಾವಿನ ಲೆಕ್ಕ ಹಾಕಿಯೇ ಸರಕಾರದ ಕಣ್ಣು ತೆರೆಸಿದಳು: ಗುಂಡಿಗಿಂತ ಕೊಳಕಿನಿಂದಲೇ ಹೆಚ್ಚು ಮಂದಿ ಸತ್ತಿದ್ದರು. ನಮ್ಮ ಜಿಲ್ಲೆಗಂತೂ ಲೆಕ್ಕ ಬೇಕೇ ಬೇಕು. ಇಲ್ಲಿಯ ಜನ ಗುಳೆ ಹೋಗುತ್ತಾರೆ. ಆರು ತಿಂಗಳ ಬಸುರಿ ಬೆಂಗಳೂರಿನ, ಪುಣೆಯ, ಮುಂಬಯಿಯ ಕಟ್ಟಡ ಕೆಲಸಕ್ಕೆ ಹೋದರೆ ಆಕೆಯ ರಕ್ತ ಎಷ್ಟಿತ್ತು, ಬಿ.ಪಿ. ಎಷ್ಟಿತ್ತು ಎಂಬುದು ಆಕೆಯ ಹಿಂದೆಯೇ ಹೋಗಬೇಕು. ಕಾಗದ ಮಳೆಯಲ್ಲಿ ನೆನೆಯುತ್ತದೆ, ಜೋಪಡಿಯ ಬೆಂಕಿಯಲ್ಲಿ ಸುಡುತ್ತದೆ. ಕಂಪ್ಯೂಟರಿನ ಲೆಕ್ಕ ಉಳಿಯುತ್ತದೆ. ಈ ಒಂದು ಕೆಲಸವನ್ನು ಅದು ನೆಟ್ಟಗೆ ಮಾಡಿದರೆ ನಾವೇ ಅದಕ್ಕೆ ಕೈಮುಗಿದೇವು. ನಮ್ಮ ತಕರಾರು ಇಷ್ಟೇ: ನೈಟಿಂಗೇಲ್ ಲೆಕ್ಕ ಕೇಳಿದ್ದು ಸರಕಾರವನ್ನು, ಇಂದಿನ ಲೆಕ್ಕ ಕೇಳುತ್ತಿರುವುದು ದಾದಿಯನ್ನು.

ಬೆಳಗಾವಿ ಕಲಿಸಿದ ಪಾಠ

ಹಾಗಾದರೆ ಯಾವ ಯಂತ್ರ ಒಳ್ಳೆಯದು? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಹೆರಿಗೆಯಾದ ಮೇಲೆ ಹೆಂಗಸು ಸಾಯುವ ದೊಡ್ಡ ಕಾರಣ ರಕ್ತಸ್ರಾವ. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಮೊದಲೇ ರಕ್ತ ಕಡಿಮೆ, ಸ್ವಲ್ಪ ಹೋದರೂ ಜೀವ ಹೋಗುತ್ತದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. 1,620 ಮಂದಿ ತಾಯಂದಿರು. ಹೆರಿಗೆ ಮಾಡಿಸಿದವರು ಡಾಕ್ಟರರಲ್ಲ, ಹಳ್ಳಿಯ ಎ.ಎನ್.ಎಂ.ಗಳು. ಕೂಸು ಹುಟ್ಟಿದೊಡನೆ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಬರೀ ಹಿಟ್ಟಿನ ಗುಳಿಗೆ. ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳದೆ, ಸೊಂಟದ ಕೆಳಗೆ ಹಾಸುವ, ಅಳತೆಯ ಗೆರೆಯುಳ್ಳ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರು. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅತಿಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದಿತ್ತು.

ಅದೇ ಬಗೆಯ ಅಳತೆಯ ಚೀಲವನ್ನು, ಕೂಡಲೇ ಕೊಡಬೇಕಾದ ಚಿಕಿತ್ಸೆಗಳ ಒಂದು ಕಟ್ಟಿನೊಡನೆ, ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ವರದಿ 2023ರಲ್ಲಿ ಬಂತು. ಎರಡು ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳ ಲೆಕ್ಕ ಅದು. ಭಾರೀ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇಕಡಾ 60ರಷ್ಟು ಕಡಿಮೆಯಾದವು. ಗಮನಿಸಿ: ಒಂದು ಪ್ಲಾಸ್ಟಿಕ್ ಚೀಲ! ಕರೆಂಟು ಬೇಡ, ಸರ್ವರು ಬೇಡ, ಇಂಗ್ಲಿಷು ಬೇಡ. ದಾದಿಯ ಕಣ್ಣಿಗೆ ಅದು ಅಳತೆ ಕೊಟ್ಟಿತು, ಆಕೆಯ ಕೈಗೆ ಅಧಿಕಾರ ಕೊಟ್ಟಿತು.

ಇನ್ನೊಂದು ಉದಾಹರಣೆ. 1978ರ ಸುಮಾರಿಗೆ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ವಾರ್ಮರುಗಳು ಸಾಲದೆ ಹೋದಾಗ ಡಾಕ್ಟರರು ತೂಕ ಕಡಿಮೆಯ ಕೂಸುಗಳನ್ನು ತಾಯಿಯ ಬರಿಯೆದೆಗೇ ಕಟ್ಟಿ ಮಲಗಿಸಿದರು. ಅದೇ 'ಕಾಂಗರೂ ತಾಯಿ ಆರೈಕೆ'. ನಮ್ಮ ಭಾಗದ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಸರಕಾರಿ ಆಸ್ಪತ್ರೆಗಳಲ್ಲಿ ಪಸರಿಸುವ ಕೆಲಸ ನಡೆಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೇನು? ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದ ಕೂಸುಗಳ ಸಾವು, ಮೊದಲು ವಾರ್ಮರಿನಲ್ಲಿಟ್ಟು ಆಮೇಲೆ ಕೊಟ್ಟ ಕೂಸುಗಳ ಸಾವಿಗಿಂತ ಶೇಕಡಾ 25ರಷ್ಟು ಕಡಿಮೆ! ಯಂತ್ರಕ್ಕಿಂತ ತಾಯಿಯ ಎದೆ ಮೇಲಾಯಿತು. ಆದರೆ ಹಸಿ ಬಾಣಂತಿಯ ಎದೆಯ ಮೇಲಿನ ಆ ಸಣ್ಣ ಜೀವವನ್ನು ಕಾಯಲು, ಹಾಲೂಡಿಸಲು, ಧೈರ್ಯ ಹೇಳಲು ದಾದಿಯೇ ಬೇಕು. ಹಳೆಯ ಸೂಲಗಿತ್ತಿಯರ ವಿದ್ಯೆ ಇದೇ ಆಗಿತ್ತು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಗೌರವಿಸಿದೆವು. ಗೌರವಿಸಿದ ನಾವು ಅವರ ಕೈಗುಣದಿಂದ ಏನು ಕಲಿತೆವು?

ನಮ್ಮ ತಪ್ಪೂ ಇದೆ

ಸರಕಾರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಬಜಾರಿನ ಗೆಳೆಯರು ಕ್ಷಮಿಸಬೇಕು. ಹಿರಿಯರ ಹೆಸರಿನಲ್ಲಿ ದವಾಖಾನೆಗೆ ಯಂತ್ರ ದಾನ ಮಾಡಿ, ಮೇಲೆ ದಾನಿಗಳ ಹೆಸರು ಬರೆಸುವುದು ನಮ್ಮಲ್ಲಿ ರೂಢಿ. ಒಳ್ಳೆಯ ರೂಢಿಯೇ. ಆದರೆ ಅದು ಕೆಟ್ಟು ಮೂಲೆಗೆ ಬಿದ್ದಾಗ ರಿಪೇರಿಗೆ ದುಡ್ಡು ಕೊಟ್ಟವರ ಹೆಸರನ್ನು ಯಾವ ಗೋಡೆಯ ಮೇಲಾದರೂ ಕಂಡಿದ್ದೀರಾ? ದಾದಿಯರ ಖಾಲಿ ಹುದ್ದೆ ತುಂಬಿ ಎಂದು ಅರ್ಜಿ ಹಿಡಿದು ವ್ಯಾಪಾರಿಗಳು ಒಂದು ದಿನ ಅಂಗಡಿ ಮುಚ್ಚಿದ್ದುಂಟೇ? ಕಾರ್ಮಿಕ ಮಿತ್ರರೂ ಕೇಳಬೇಕು. ಡಾಕ್ಟರರು ಇಲ್ಲದ ರಾತ್ರಿಯಲ್ಲಿ ನಮ್ಮ ಸಿಟ್ಟೆಲ್ಲ ಬೀಳುವುದು ಎದುರಿಗೆ ಸಿಕ್ಕ ಸಿಸ್ಟರ ಮೇಲೆ. ಆಕೆಯೂ ಪಾಳಿಯ ಮೇಲೆ ದುಡಿಯುವ ಕೂಲಿಕಾರಳೇ ಎಂಬುದನ್ನು ಮರೆಯುತ್ತೇವೆ.

ಖಾಸಗಿ ನರ್ಸಿಂಗ್ ಹೋಮುಗಳ ಕಥೆ ಇನ್ನೂ ಕರಾಳ. ಹೊರಗೆ ಗಾಜು, ಒಳಗೆ ಸ್ಕ್ಯಾನಿಂಗು. ಸೂಜಿ ಹಾಕುವವಳು ಮಾತ್ರ ಅಲ್ಪ ಸಂಬಳದ, ಎಷ್ಟೋ ಕಡೆ ಪೂರಾ ತರಬೇತಿಯೂ ಇಲ್ಲದ ಹುಡುಗಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದಿತು. ಆ ಶಿಫಾರಸು ನಮ್ಮ ಊರುಗಳ ಯಾವ ಕಪಾಟಿನಲ್ಲಿದೆ?

ಮಿಲ್ಲಿನ ಆಳುಗಳಿಗೆ ಇನ್ನೊಂದು ಮಾತು. 1948ರ ಇ.ಎಸ್.ಐ. ಕಾನೂನು ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿತು, ಆ ಪಟ್ಟಿಯಲ್ಲಿ ಮೊದಲು ಬರುವುದೇ ಹತ್ತಿ ಜಿನ್ನಿಂಗು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಗೋಡೆಯನ್ನು ಒಡೆಯಲಿಲ್ಲ. ಅಂದಮೇಲೆ ಹತ್ತಿಯ ಧೂಳು ನುಂಗಿ ಕೆಮ್ಮುವ, ಜಿನ್ನಿಗೆ ಬೆರಳು ಕೊಟ್ಟ ನಮ್ಮ ಆಳಿಗೆ ಸರಕಾರಿ ದವಾಖಾನೆ ಬಿಟ್ಟು ಬೇರೆ ಬಾಗಿಲಿಲ್ಲ. ದಾದಿಯರ ಹೋರಾಟ ನಮ್ಮದೂ ಆಗುವುದು ಈ ಕಾರಣಕ್ಕೆ.

ನಮ್ಮ ಬೇಡಿಕೆಗಳು

ಒಂದು: ಪರಿಷತ್ತಿನ ಪ್ರಮಾಣದಂತೆ ದಾದಿಯರ ಹುದ್ದೆ ತುಂಬಬೇಕು, ಗುತ್ತಿಗೆಯಲ್ಲ, ಕಾಯಂ. 371 (ಜೆ) ಕೊಟ್ಟ ಮೀಸಲಿನಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳಿಗೇ ಇದರಲ್ಲಿ ಕೆಲಸವಿದೆ.

ಎರಡು: ಪ್ರತಿ ವಾರ್ಡಿನ ಬಾಗಿಲಲ್ಲಿ, ಈ ಪಾಳಿಯಲ್ಲಿ ರೋಗಿಗಳು ಎಷ್ಟು, ದಾದಿಯರು ಎಷ್ಟು ಎಂದು ಕನ್ನಡದಲ್ಲಿ ಬರೆದ ಹಲಗೆ ತೂಗುಹಾಕಬೇಕು.

ಮೂರು: ಒಮ್ಮೆ ತುಂಬಿದ್ದನ್ನು ಮತ್ತೊಮ್ಮೆ ತುಂಬಿಸಬಾರದು. ತುಂಬಲು ಬೇರೆ ಸಿಬ್ಬಂದಿ ಬೇಕು, ಖಾನೆಗಳು ಕನ್ನಡದಲ್ಲಿರಬೇಕು. ಪೋರ್ಟಲಿನ ತಪ್ಪಿಗೆ ಯಾರ ಕೂಲಿಯನ್ನೂ ಹಿಡಿಯಬಾರದು.

ನಾಲ್ಕು: ಯಂತ್ರ ಕೊಳ್ಳುವ ಮುಂಚೆ ಅದನ್ನು ನಡೆಸುವ ದಾದಿಯನ್ನು ಕೇಳಬೇಕು. ರಿಪೇರಿಯ ಮೆಕ್ಯಾನಿಕ್ ಜಿಲ್ಲೆಯಲ್ಲೇ ಇರಬೇಕು. ತರಬೇತಿ ಪಾಳಿಯ ಹೊತ್ತಿನಲ್ಲೇ ನಡೆಯಬೇಕು.

ಐದು: ಜಿನ್ನಿಂಗ್ ಆಳುಗಳಿಗೆ ಇ.ಎಸ್.ಐ. ಬಾಗಿಲು ತೆರೆಯಬೇಕು.

ಇವುಗಳಲ್ಲಿ ಯಾವುದೂ ಆಕಾಶದ ಚಂದ್ರನಲ್ಲ. ಪ್ರತಿ ದವಾಖಾನೆಗೂ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ಅದರ ಸಭೆ ಯಾವಾಗ ನಡೆಯುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ಹಮಾಲರ ಸಂಘ, ಮಿಲ್ ಆಳುಗಳು, ಬಜಾರಿನ ವರ್ತಕರು ಕೂಡಿ ಕೇಳಲಿ. ಮುಂದಿನ ಸಭೆಗೆ ಯಾದಗಿರಿ, ಶಹಾಪುರ, ಸುರಪುರ ಮೂರು ಊರುಗಳಿಂದಲೂ ಜನ ಹೋಗಲಿ. ಮೊದಲು ರಾತ್ರಿ ಪಾಳಿಯ ದಾದಿಯರ ಲೆಕ್ಕ ಕೇಳಲಿ.

ಆ ರಾತ್ರಿ ಕೂಸು ಅತ್ತ ಸದ್ದು ಕೇಳಿದ ಮೇಲೆ ಸಿಸ್ಟರು ಹೊರಗೆ ಬಂದು, "ಹೆಣ್ಣುಮಗು ರಿ, ಎರಡೂವರಿ ಕಿಲೋ ಅದ, ಆರಾಮ ಅದ" ಎಂದರು. ಗೆಳೆಯ ಕೈಮುಗಿದ. ಆಕೆ ಒಂದು ಗಳಿಗೆ ನಕ್ಕು, ಮತ್ತೆ ಮೊಬೈಲು ಹಿಡಿದು ಕುಳಿತರು. ಆ ಹೆಣ್ಣುಮಗು ದೊಡ್ಡವಳಾಗಿ ಇದೇ ಊರಲ್ಲಿ ಹೆರಿಗೆಗೆ ಬರುವ ದಿನ ದಾದಿಯ ಎರಡೂ ಕೈ ಬಿಡುವಾಗಿರಬೇಕು. ಅಷ್ಟನ್ನು ಮಾಡಿಸುವುದು ನಮ್ಮ ಕೈಯಲ್ಲಿದೆ.